ಟೊಂಕದ ಹೊರಬದಿ ನೋವು: ಸ್ಟ್ರೆಚ್ ಕೈಬಿಟ್ಟ ಮೇಲೆ ದಾರಿಗೆ ಬಂತು

ಬೂಟು, ವಾರ್ಮ್-ಅಪ್, ಕಿಲೋಮೀಟರ್ ಲೆಕ್ಕ ಓಡುವವರಿಗೆಲ್ಲ ಗೊತ್ತಿರುವುದೇ, ಬಿಡೋಣ. ಈ ಸಲ ಒಂದೇ ಕಗ್ಗಂಟು: ಬೆಳಗಾವಿಯ ವ್ಯಾಕ್ಸಿನ್ ಡಿಪೋ ಮೈದಾನದ ಓಟದ ಸುತ್ತುಗಳಲ್ಲಿ ಸುಮ್ಮನಿದ್ದು, ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಬ್ಬಿಸಿ ಕೂರಿಸುವ ನೋವು.

ಇದಕ್ಕೆ ಬಹುಕಾಲ 'ಬರ್ಸೈಟಿಸ್' (ಕೀಲಿನ ಬಳಿಯ ದ್ರವಚೀಲದ ಉರಿಯೂತ) ಎಂಬ ಹಣೆಪಟ್ಟಿ ಇತ್ತು. ಸ್ಕ್ಯಾನ್‌ನಲ್ಲಿ ಹೆಚ್ಚಾಗಿ ಸಿಗುವ ಕಳ್ಳನೇ ಬೇರೆ: ತೊಡೆಎಲುಬಿನ ಹೊರಗುಬ್ಬಿಗೆ ಅಂಟಿದ ಗ್ಲೂಟಿಯಸ್ ಮೀಡಿಯಸ್, ಮಿನಿಮಸ್ ಎಂಬ ಪಿರ್ರೆಯ ಸ್ನಾಯುಗಳ ರಜ್ಜು, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ. ಕಾಲು ನಡುಗೆರೆ ದಾಟಿ ಒಳಗೆ ಬಂದಾಗ ಐಟಿ ಬ್ಯಾಂಡ್ (ತೊಡೆಯ ಹೊರಬದಿಗುಂಟ ಮೊಣಕಾಲಿನವರೆಗೆ ಇಳಿಯುವ ಗಟ್ಟಿ ಪಟ್ಟಿ) ಬಿಗಿದು ರಜ್ಜುವನ್ನು ಎಲುಬಿಗೆ ಅದುಮುತ್ತದೆ. ಹಾಗಾಗಿ ಎಲ್ಲರೂ ಉಪದೇಶಿಸುವ ಐಟಿ ಬ್ಯಾಂಡ್ ಸ್ಟ್ರೆಚ್ ಇಲ್ಲಿ ಗಾಯದ ಮೇಲೆ ಬರೆ.

ಪರೀಕ್ಷೆ ಸುಲಭ. ನೋಯುವ ಕಾಲೊಂದರ ಮೇಲೇ 30 ಸೆಕೆಂಡ್ ನಿಲ್ಲಿ. ಹೊರಬದಿ ನೋವು ಎದ್ದರೆ ಅನುಮಾನ ಗಟ್ಟಿ. ತೊಡೆಸಂದಿ ನೋಯುತ್ತ ಸಾಕ್ಸ್ ಹಾಕಲು ಬಾರದಿದ್ದರೆ ಕೀಲನ್ನು ನೋಡಿಸಬೇಕು. ಮೊಣಕಾಲ ಕೆಳಗೂ ಜುಮ್ಮೆಂದರೆ ಬೆನ್ನನ್ನು. ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಜ್ವರವಿದ್ದರೆ ವ್ಯಾಯಾಮ ಬಿಟ್ಟು ಡಾಕ್ಟರ್.

ಮೊದಲು ಒತ್ತಡ ಇಳಿಸುವುದು. ಮಗ್ಗುಲಾಗಿ ಮಲಗುವಾಗ ಮೊಣಕಾಲುಗಳ ನಡುವೆ ದಪ್ಪ ದಿಂಬು. ಕಾಲ ಮೇಲೆ ಕಾಲು ಬೇಡ, ಟೊಂಕ ಒಂದು ಕಡೆ ವಾಲಿಸಿ ನಿಲ್ಲುವುದೂ ಬೇಡ.

ಆಮೇಲೆ ಬಲ. ಅಂಗಾತ ಮಲಗಿ, ಮೊಣಕಾಲ ಮೇಲೆ ಪಟ್ಟಿ ಸುತ್ತಿ, ಹೊರಕ್ಕೆ ಹಗುರವಾಗಿ ಒತ್ತಿ 30 ಸೆಕೆಂಡ್, ನಾಲ್ಕೈದು ಸಲ. ರಬ್ಬರ್ ಬ್ಯಾಂಡ್ ಮಾರುವವರ ಸಹವಾಸವೇ ಬೇಡ: ಬಣ್ಣಕ್ಕೂ ಬಿಗಿತಕ್ಕೂ ಕಂಪನಿಗೊಂದು ಲೆಕ್ಕ, ಬೇಸಿಗೆಗೆ ಬಿರುಕು. ಕಾಲು ಕದಲದ ಈ ಒತ್ತಿಗೆ ಹಳೇ ಸೊಂಟಪಟ್ಟಿಯೇ ಸಾಕು. ಮುಂದೆ ಎರಡು ಕಾಲಿನ ಬ್ರಿಜ್ (ಅಂಗಾತ ಮಲಗಿ, ಮೊಣಕಾಲು ಮಡಚಿ, ಟೊಂಕ ಮೇಲೆತ್ತುವುದು), 8–10 ಸಲ, ಏರಲು ಮೂರು ಸೆಕೆಂಡ್, ಇಳಿಯಲು ಮೂರು. ನಂತರ ಒಂಟಿಕಾಲಿನದು, ಅಡ್ಡಹೆಜ್ಜೆ.

ಇಂಜೆಕ್ಷನ್ ಆಸೆಯವರಿಗೆ: 2018ರಲ್ಲಿ ಬಿಎಂಜೆ ಎಂಬ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ 204 ಜನ ಇದ್ದರು. ಎಂಟು ವಾರಕ್ಕೆ ಸುಧಾರಿಸಿದೆ ಎಂದವರು ತಿಳಿವಳಿಕೆ-ವ್ಯಾಯಾಮದ ಗುಂಪಿನಲ್ಲಿ ಸುಮಾರು 77%, ಸ್ಟಿರಾಯ್ಡ್ ಚುಚ್ಚಿಸಿಕೊಂಡವರಲ್ಲಿ 58%, ಸುಮ್ಮನೆ ಕಾದವರಲ್ಲಿ 29%.

ಅಂದಹಾಗೆ, ಮುಂದಿನ ಯೋಜನೆ ಯಳ್ಳೂರಿನ ಗುಡ್ಡದ ಕೋಟೆ ರಾಜಹಂಸಗಡ! ಏರು ದಾರಿ ಇದೇ ಸ್ನಾಯುಗಳಿಂದ ಭಾಳ ಕೆಲಸ ಕೇಳುತ್ತದೆ. ಮೊದಲು ನಡಿಗೆ, ಓಟ ಆಮೇಲೆ.

ಓಟಕ್ಕೆ ಮರಳುವಾಗ ಪಾದಗಳು ಒಂದೇ ಗೆರೆಯ ಮೇಲೆ ಬೀಳದಿರಲಿ. ಹೆಜ್ಜೆಯ ಲಯ 5–10% ಏರಿಸಿದರೆ ಟೊಂಕ ಒಳಕ್ಕೆ ಕುಸಿಯುವುದು ತಗ್ಗುತ್ತದೆ. ಆ ರಾತ್ರಿ ಅಥವಾ ಮರುದಿನ ಬೆಳಿಗ್ಗೆ ನೋವು ಏರಿತೇ? ಮುಂದಿನ ಸಲ ದೂರ ಇಳಿಸಿ, ವ್ಯಾಯಾಮ ನಿಲ್ಲಿಸಬೇಡಿ.