ಖಿನ್ನತೆಯಲ್ಲಿ ಲಿವರ್ ಸುಮ್ನೆ ಕೂತಿರೋದಿಲ್ಲ

ಖಿನ್ನತೆ ಅಂದ ಕೂಡಲೇ ಮಾತು ಮೆದುಳಿಗೆ ಹೋಗುತ್ತದೆ. ಮನಸ್ಥಿತಿಗೆ ಸಂಬಂಧಪಟ್ಟ ಸೆರೊಟೋನಿನ್ ಅನ್ನೋ ರಾಸಾಯನಿಕ ಕಮ್ಮಿಯಾಗಿದೆ, ಅಷ್ಟೇ ಅಂತ ಮುಗಿಸಿಬಿಡುತ್ತಾರೆ. ಆದರೆ ಸೆರೊಟೋನಿನ್ ತಯಾರಾಗೋದು ಟ್ರಿಪ್ಟೊಫ್ಯಾನ್ ಅನ್ನೋ ಅಮೈನೋ ಆಮ್ಲದಿಂದ, ಅದರ ಬಹುಪಾಲನ್ನು ಖಾಲಿ ಮಾಡೋದು ಲಿವರ್. ಇದನ್ನು ಯಾಕೋ ಯಾರೂ ಹೇಳುವುದೇ ಇಲ್ಲ.

ಒತ್ತಡ ಬಹಳ ದಿನ ಎಳೆದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನನ್ನು ಬಿಡುತ್ತಲೇ ಇರುತ್ತವೆ. ಅದು ರಕ್ತದ ಜೊತೆ ಲಿವರ್‌ಗೆ ಬರುತ್ತದೆ, ಜೀವಕೋಶದ ಒಳಗೆ ತನಗಾಗಿಯೇ ಇರುವ ರಿಸೆಪ್ಟರ್‌ಗೆ ಅಂಟಿಕೊಳ್ಳುತ್ತದೆ, ಆ ಜೋಡಿ ನ್ಯೂಕ್ಲಿಯಸ್‌ಗೆ ಹೋಗಿ ಕೆಲವು ಜೀನ್‌ಗಳನ್ನು ಚುರುಕು ಮಾಡಿ ಇನ್ನು ಕೆಲವನ್ನು ತಗ್ಗಿಸುತ್ತದೆ. ಗ್ಲೂಕೋಸ್ ತಯಾರಿಸುವ ಕಿಣ್ವಗಳು ಜಾಸ್ತಿಯಾಗುತ್ತವೆ. ಜೊತೆಗೆ ಟಿಡಿಒ ಅನ್ನೋ ಕಿಣ್ವ ಕೂಡ.

ಈ ಟಿಡಿಒ, ಅಂದರೆ ಟ್ರಿಪ್ಟೊಫ್ಯಾನ್ ಡೈಆಕ್ಸಿಜನೇಸ್, ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಪಾತ್ರ. ಅದರ ಮಧ್ಯದಲ್ಲಿ ಕಬ್ಬಿಣ ಇರುವ ಹೀಮ್ ಇದೆ. ಅಲ್ಲಿ ಆಮ್ಲಜನಕವನ್ನು ಹಿಡಿದು, ಟ್ರಿಪ್ಟೊಫ್ಯಾನ್‌ನ ಉಂಗುರವನ್ನು ಒಡೆದು ತೆರೆಯುತ್ತದೆ. ಒಮ್ಮೆ ಒಡೆದರೆ ಅದು ಇನ್ನು ಸೆರೊಟೋನಿನ್ ಆಗಲ್ಲ, ಕೈನ್ಯುರೆನಿನ್ ಅನ್ನೋ ಬೇರೆಯದೇ ವಸ್ತುವಾಗುವ ದಾರಿ ಹಿಡಿಯುತ್ತದೆ. ಕೈನ್ಯುರೆನಿನ್ ಮೆದುಳಿಗೂ ದಾಟಬಲ್ಲದು, ಅಲ್ಲಿ ಅದರಿಂದ ನರಕೋಶಗಳನ್ನು ಕೆರಳಿಸುವ ಕ್ವಿನೊಲಿನಿಕ್ ಆಮ್ಲವೂ ತಯಾರಾಗಬಹುದು. ಲೆನಿನ್‌ಗ್ರಾಡ್‌ನ ವಿಜ್ಞಾನಿಗಳಾದ ಲಾಪಿನ್ ಮತ್ತು ಓಕ್ಸೆನ್‌ಕ್ರುಗ್ ಟ್ರಿಪ್ಟೊಫ್ಯಾನ್ ಹೀಗೆ ದಾರಿ ಬದಲಿಸೋದಕ್ಕೂ ಖಿನ್ನತೆಗೂ ಸಂಬಂಧ ಇರಬಹುದು ಅಂತ 1969ರಲ್ಲೇ ಬರೆದಿದ್ದರು. ಅಷ್ಟು ಹಳೆಯ ಮಾತು, ಅಲ್ವಾ!

ಇನ್ನೊಂದು ದಾರಿ ಉರಿಯೂತದ್ದು. ರೋಗನಿರೋಧಕ ಕೋಶಗಳು ಕಳಿಸುವ ಐಎಲ್-6 ಅನ್ನೋ ಸಂದೇಶ ಬಂದರೆ ಲಿವರ್ ಸಿಆರ್‌ಪಿ, ಫೈಬ್ರಿನೋಜನ್ ಥರದ ಉರಿಯೂತದ ಪ್ರೋಟೀನ್‌ಗಳನ್ನು ಹೆಚ್ಚಿಸಿ, ರಕ್ತದಲ್ಲಿ ಸದಾ ಇರುವ ಆಲ್ಬುಮಿನ್ ಅನ್ನೋ ಪ್ರೋಟೀನನ್ನು ಕಡಿಮೆ ಮಾಡುತ್ತದೆ. ಖಿನ್ನತೆ ಇರುವ ಕೆಲವರಲ್ಲಿ ಸಿಆರ್‌ಪಿ ಸ್ವಲ್ಪ ಜಾಸ್ತಿ ಕಾಣುತ್ತದೆ. ಎಲ್ಲರಲ್ಲೂ ಅಲ್ಲ.

ಇದನ್ನೆಲ್ಲ ಒಟ್ಟಿಗೆ ನೋಡೋದು ಹೇಗೆ? ಪ್ರಯೋಗಾಲಯದಲ್ಲಿ ಇಲಿಗಳಿಗೆ ಒತ್ತಡ ತರಿಸುತ್ತಾರೆ: ಗೂಡನ್ನು ಓರೆ ಮಾಡುತ್ತಾರೆ, ಹಾಸನ್ನು ಒದ್ದೆ ಮಾಡುತ್ತಾರೆ, ರಾತ್ರಿಯಿಡೀ ದೀಪ ಉರಿಸುತ್ತಾರೆ, ಯಾವಾಗ ಏನು ಅಂತ ಗೊತ್ತಾಗದ ಹಾಗೆ ವಾರಗಟ್ಟಲೆ. ಸಕ್ಕರೆ ನೀರು ಕಂಡರೂ ಇಲಿಗೆ ಬೇಡವಾದರೆ ಖುಷಿಪಡುವ ಗುಣ ಕುಗ್ಗಿದೆ ಅಂತ ಲೆಕ್ಕ. ಆಮೇಲೆ ಲಿವರ್ ತೆಗೆದು ಅರೆದು, ಪ್ರೋಟೀನ್‌ಗಳನ್ನು ಟ್ರಿಪ್ಸಿನ್ ಅನ್ನೋ ಕಿಣ್ವದಿಂದ ತುಂಡರಿಸಿ, ಆ ತುಂಡುಗಳನ್ನು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ತೂಗಿ, ಒತ್ತಡವಿಲ್ಲದ ಇಲಿಗಳ ಲಿವರ್ ಜೊತೆ ಹೋಲಿಸುತ್ತಾರೆ. ಹೆಚ್ಚು ಕಡಿಮೆಯಾದ ಪ್ರೋಟೀನ್‌ಗಳ ಉದ್ದ ಪಟ್ಟಿ ಸಿಗುತ್ತದೆ. ನನ್ನ ತಕರಾರು ಈ ಪಟ್ಟಿಯ ಬಗ್ಗೆಯೇ. ಪ್ರೋಟೀನ್ ಜಾಸ್ತಿ ಇದ್ದ ಮಾತ್ರಕ್ಕೆ ಅದರ ಕೆಲಸ ಜಾಸ್ತಿ ಆಗಿದೆ ಅಂತ ಹೇಳೋಕಾಗಲ್ಲ. ಒತ್ತಡದಲ್ಲಿ ಇಲಿ ಕಡಿಮೆ ತಿಂದಿದ್ದರೆ ಅದೊಂದರಿಂದಲೇ ಲಿವರ್‌ನ ಕಿಣ್ವಗಳು ಬದಲಾಗುತ್ತವೆ. ಇದನ್ನು ಬೇರ್ಪಡಿಸದೆ ಬರೆದ ಲೇಖನ ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಹಾಗಾದರೆ ಲಿವರ್ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತಾ? ಇಲ್ಲ. ಆ ಟೆಸ್ಟ್‌ನಲ್ಲಿ ಅಳೆಯುವ ಎಎಲ್‌ಟಿ, ಎಎಸ್‌ಟಿ ಕಿಣ್ವಗಳು ಏರೋದು ಮುಖ್ಯವಾಗಿ ಕೋಶಗಳಿಗೆ ಪೆಟ್ಟಾಗಿ ಒಳಗಿನದು ರಕ್ತಕ್ಕೆ ಸೋರಿದಾಗ. ಕೋಶದ ಒಳಗೆ ಟಿಡಿಒ ಏರಿದ್ದರೆ ರಿಪೋರ್ಟ್‌ನಲ್ಲಿ ಸುಳಿವೂ ಇರಲ್ಲ. ರಕ್ತದಲ್ಲಿ ಕೈನ್ಯುರೆನಿನ್ ಮತ್ತು ಟ್ರಿಪ್ಟೊಫ್ಯಾನ್ ಅನುಪಾತ ಅಳೆಯಬಹುದು ನಿಜ, ಆದರೆ ಉರಿಯೂತ ಇದ್ದಾಗ ಐಡಿಒ ಅನ್ನೋ ಇನ್ನೊಂದು ಕಿಣ್ವ ಲಿವರ್‌ನ ಹೊರಗೂ ಇದೇ ಕೆಲಸ ಮಾಡುತ್ತದೆ, ಹಾಗಾಗಿ ಆ ಅಂಕಿಯಲ್ಲಿ ಲಿವರ್‌ನ ಪಾಲು ಎಷ್ಟು ಅಂತ ಬಿಡಿಸಿ ಹೇಳೋಕಾಗಲ್ಲ.