ಮೋಗ್ಲಿಂಗ್ ಎಂಬ ಮನೆತನದ ಹೆಸರಿನ ಬೇರು ಹುಡುಕುವುದು

1843ರಲ್ಲಿ 'ಮಂಗಳೂರು ಸಮಾಚಾರ' ಹೊರತಂದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ವ್ಯುರ್ಟೆಂಬರ್ಗ್‌ನ ಬ್ರಾಕೆನ್‌ಹೈಮ್‌ನಲ್ಲಿ. ಇಂಥ ವಿರಳ ಮನೆತನದ ಹೆಸರನ್ನು ಹುಡುಕುವಾಗ ಮೊದಲ ತೊಡಕೇ ಕಾಗುಣಿತ. ಜರ್ಮನ್‌ನಲ್ಲಿ ಇದರ 'ಓ' ಅಕ್ಷರದ ಮೇಲೆ ಎರಡು ಚುಕ್ಕೆಗಳಿವೆ. ಚುಕ್ಕೆ ಹಾಕಲಾಗದ ಕಡೆ 'ಓ' ಪಕ್ಕದಲ್ಲಿ 'ಇ' (e) ಅಕ್ಷರ ಸೇರಿಸುತ್ತಾರೆ. ಇಂಗ್ಲಿಷ್ ಪಟ್ಟಿಗಳಲ್ಲಿ ಎರಡೂ ಬಿದ್ದುಹೋಗುವುದುಂಟು. ಹಾಗಾಗಿ ಮೂರು ರೂಪಗಳಲ್ಲೂ ಹುಡುಕಿ.

ಹೆಸರು ಎಲ್ಲೆಲ್ಲಿ ಹರಡಿದೆ ಎಂದು ತಿಳಿಯಲು ದೂರವಾಣಿ ಪಟ್ಟಿಯಿಂದ ಮಾಡಿದ ನಕ್ಷೆಗಳೇ ಆಧಾರ. ಜರ್ಮನ್ ಮನೆತನದ ಹೆಸರುಗಳ ಭೂಪಟಕ್ಕೆ ಬಳಸಿದ್ದು 2005ರ ಸುಮಾರು 2.8 ಕೋಟಿ ಖಾಸಗಿ ಸ್ಥಿರ ದೂರವಾಣಿಗಳು. ಒಂದು ಸಂಪರ್ಕ ಅಂದರೆ ಒಂದು ಮನೆ, ಒಬ್ಬರಲ್ಲ. ಸಿಕ್ಕ ಸಂಖ್ಯೆಯನ್ನು 2.9ರಿಂದ ಗುಣಿಸಿದರೆ ಜನಸಂಖ್ಯೆಯ ಅಂದಾಜು ಸಿಗುತ್ತದೆ. ಹತ್ತಿಪ್ಪತ್ತು ಸಂಪರ್ಕಗಳಷ್ಟೇ ಇದ್ದರೆ ಈ ಲೆಕ್ಕವನ್ನು ನಂಬಬೇಡಿ. ಒಂದೇ ಕುಟುಂಬ ಊರು ಬಿಟ್ಟರೂ ನಕ್ಷೆಯ ಚಿತ್ರ ಬದಲಾಗುತ್ತದೆ.

ಲುಡ್ವಿಗ್ಸ್‌ಬುರ್ಗ್ ಬಳಿ ಮ್ಯೋಗ್ಲಿಂಗನ್ ಎಂಬ ಊರಿದೆ. ಅದೇ ಮೂಲ ಎಂದು ತಟ್ಟನೆ ಅನ್ನಿಸುತ್ತದೆ, ಆದರೆ ಅವಸರ ಬೇಡ. 'ಇಂಗನ್' ಎಂದು ಮುಗಿಯುವ ಊರಿನವರಿಗೆ ಸಾಮಾನ್ಯವಾಗಿ 'ಇಂಗರ್' ಎಂಬ ಹೆಸರು ಬರುತ್ತದೆ. ಇಲ್ಲಿ ಆ 'ಅರ್' ಇಲ್ಲ. ಚರ್ಚಿನ ದೀಕ್ಷಾಸ್ನಾನದ ದಾಖಲೆಗಳಲ್ಲಿ ತಲೆಮಾರು ತಲೆಮಾರಾಗಿ ಹಿಂದಕ್ಕೆ ಹೋಗುವುದೇ ಸರಿಯಾದ ದಾರಿ. ಅವು ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದ ಲಿಪಿಯಲ್ಲಿವೆ. ಅದರಲ್ಲಿ 'ಇ' (e) ಅಕ್ಷರ 'ಎನ್' (n) ಥರವೇ ಕಾಣುವುದರಿಂದ, ಬೇರೆಯವರು ನಕಲಿಸಿದ ಸೂಚಿಯನ್ನು ನೆಚ್ಚದೆ ಮೂಲ ಪುಟವನ್ನೇ ಓದಿ.