ಮೊದಲು ಡಾಲಿಬಾಯಿಗೆ ಕೈಮುಗಿಯಿರಿ

ಬಾಬಾ ರಾಮದೇವ್ ಅಂದರೆ ನಮ್ಮ ಕಡೆಯವರಿಗೆ ಟೀವಿಯಲ್ಲಿ ಯೋಗ ಹೇಳಿಕೊಡುವವರೇ ನೆನಪಾಗುತ್ತಾರೆ. ನಾನು ಬರೆಯುತ್ತಿರುವುದು ಅವರ ಬಗ್ಗೆ ಅಲ್ಲ. ಆರು ನೂರು ವರ್ಷಕ್ಕೂ ಹಿಂದೆ ರಾಜಸ್ಥಾನದ ಮರಳುಗಾಡಿನಲ್ಲಿ ಬಾಳಿದ ರಾಮದೇವ್‌ಜಿ ಬಗ್ಗೆ. ತಂವರ್ ರಜಪೂತರ ಮನೆಯ ಮಗ, ಕೈಯಲ್ಲಿ ಭಲ್ಲೆ ಹಿಡಿದು ಕುದುರೆ ಏರಿ ಬರುವ ದೇವರು. ನಿಮ್ಮ ಊರ ಪೇಟೆಯ ಮಾರ್ವಾಡಿ ಅಂಗಡಿಗಳಲ್ಲಿ ಗಲ್ಲಾದ ಮೇಲಿನ ಫೋಟೋ ಒಮ್ಮೆ ನೋಡಿ, ಬಹಳ ಕಡೆ ಅವರೇ ಇರುತ್ತಾರೆ.

ನನಗೆ ಅವರ ಪರಿಚಯ ಮಾಡಿಸಿದ್ದು ಪಕ್ಕದ ಮನೆಯ ದಾದಿಸಾ. ಬಟ್ಟೆ ಅಂಗಡಿಯವರ ಮನೆಯ ಅಜ್ಜಿ. ಪ್ರತಿ ತಿಂಗಳ ಶುಕ್ಲ ಬಿದಿಗೆಗೆ ಉಪವಾಸ. ಚಂದ್ರ ಕಾಣುವವರೆಗೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ನಮ್ಮ ಮಳೆಗಾಲದ ಮೋಡದಲ್ಲಿ ಬಿದಿಗೆ ಚಂದ್ರ ಎಲ್ಲಿ ಸಿಗುತ್ತಾನೆ ಹೇಳಿ! ತಾರಸಿ ಮೇಲೆ ಕೂತು ಕಾಯುತ್ತಾ ಅರ್ಧ ಕನ್ನಡ ಅರ್ಧ ಮಾರ್ವಾಡಿಯಲ್ಲಿ ಕಥೆ ಹೇಳುತ್ತಿದ್ದರು. ಕೊನೆಗೆ ಚೂರ್ಮಾ ಅನ್ನುವ ಸಿಹಿ ಸಿಗುತ್ತದೆ ಅನ್ನುವ ಆಸೆಗೆ ನಾನೂ ಕೂರುತ್ತಿದ್ದೆ.

ದಾದಿಸಾ ಈಗಿಲ್ಲ. ಅವರ ಮನೆಯವರು ಭಾದ್ರಪದದ ಜಾತ್ರೆಗೆ ಹೊರಟಾಗ ನನ್ನನ್ನೂ ಕರೆದರು, ಹೊರಟೆ.

ಊರಿನ ಹೆಸರು ರಾಮ್‌ದೇವ್ರಾ. ಹಳೆಯ ಹೆಸರು ರುಣೀಚಾ. ಜೈಸಲ್ಮೇರ್ ಜಿಲ್ಲೆಯಲ್ಲಿ, ಪೋಖರಣ್‌ನಿಂದ ಸುಮಾರು 12 ಕಿಲೋಮೀಟರ್. ಹೌದು, 1974ರಲ್ಲಿ, ಆಮೇಲೆ 1998ರಲ್ಲಿ ಅಣು ಪರೀಕ್ಷೆಯಿಂದ ಸುದ್ದಿಯಾದ ಅದೇ ಪೋಖರಣ್. ಬಾಬಾ ಮೊದಲು ಅಲ್ಲೇ ಇದ್ದರಂತೆ. ಅಣ್ಣ ವೀರಮದೇವರ ಮಗಳ ಮದುವೆಯಲ್ಲಿ ಪೋಖರಣ್ ಅನ್ನೇ ಬಳುವಳಿ ಕೊಟ್ಟುಬಿಟ್ಟರು. ಕೊಟ್ಟ ಮೇಲೆ ಅಲ್ಲಿ ಇರುವುದು ಸರಿಯಲ್ಲ ಎಂದು ಹೊರಬಂದು ಈ ಊರು ಕಟ್ಟಿದರು ಅನ್ನುತ್ತಾರೆ. ಗುಡಿಯ ಗಾದಿ ಇವತ್ತಿಗೂ ತಂವರ್ ರಜಪೂತರದ್ದೇ. ಸಮಾಧಿಯ ಸುತ್ತ ಈಗಿನ ಗುಡಿ ಕಟ್ಟಿಸಿದ್ದು ಬಿಕಾನೇರ್‌ನ ಮಹಾರಾಜ ಗಂಗಾಸಿಂಗ್, 1931ರಲ್ಲಿ.

ನಮ್ಮಲ್ಲಿ ಗೌರಿ ಹಬ್ಬಕ್ಕೆ ಬಾಗಿನ ಸಿದ್ಧ ಮಾಡುವ ಬಿದಿಗೆಯ ದಿನವೇ ಅಲ್ಲಿ ಜಾತ್ರೆ ಶುರು. ಏಕಾದಶಿವರೆಗೆ ನಡೆಯುತ್ತದೆ. ರಸ್ತೆ ತುಂಬಾ ಬರಿಗಾಲಿನ ಜನ, ಹೆಗಲ ಮೇಲೆ ಬಾವುಟ, ಕೈಯಲ್ಲಿ ಹರಕೆಯ ಬಟ್ಟೆ ಕುದುರೆ. ಜೋಧ್‌ಪುರದ ಮಸೂರಿಯಾ ಗುಡ್ಡದಲ್ಲಿ ಬಾಬಾನ ಗುರು ಬಾಲಿನಾಥರ ದರ್ಶನ ಮಾಡಿ, ಅಲ್ಲಿಂದ ನಡೆದೇ ಬರುವವರು ಎಷ್ಟೋ ಜನ. ಹಿಂದೂಗಳಿಗೆ ಇವರು ದ್ವಾರಕೆಯ ಕೃಷ್ಣನ ಅವತಾರ, ಮುಸ್ಲಿಮರಿಗೆ ರಾಮ್‌ಸಾ ಪೀರ್, ಅಂದರೆ ಸಂತ. ಬಾಬಾನನ್ನು ಪರೀಕ್ಷಿಸಲು ಮೆಕ್ಕಾದಿಂದ ಬಂದ ಐವರು ಪೀರರು ನಮ್ಮ ಬಟ್ಟಲಲ್ಲೇ ಉಣ್ಣುತ್ತೇವೆ ಅಂದಾಗ, ಆ ಬಟ್ಟಲುಗಳು ಮೆಕ್ಕಾದಿಂದ ಹಾರಿಬಂದವು ಅನ್ನುವ ಪವಾಡದ ಕಥೆಯೂ ಇದೆ, ಅದನ್ನು ಬೆಳೆಸುವುದಿಲ್ಲ.

ನನಗೆ ಹೇಳಬೇಕಿರುವುದು ಡಾಲಿಬಾಯಿ ಬಗ್ಗೆ.

ಮರದ ಕೆಳಗೆ ಸಿಕ್ಕ ಕೂಸು. ಬೆಳೆದದ್ದು ಮೇಘವಾಲರ ಮನೆಯಲ್ಲಿ, ಅಂದರೆ ಆ ಕಾಲದ ರಜಪೂತರು ಅಂಗಳಕ್ಕೂ ಸೇರಿಸದ ಜಾತಿ. ಬಾಬಾ ಅವಳನ್ನು ತಂಗಿ ಅಂದರು. ಜಮ್ಮಾದಲ್ಲಿ, ಅಂದರೆ ರಾತ್ರಿಯಿಡೀ ನಡೆಯುವ ಭಜನೆಯಲ್ಲಿ, ಪಕ್ಕದಲ್ಲಿ ಕೂರಿಸಿಕೊಂಡರು. ಒಡಹುಟ್ಟಿದ ಸುಗನಾಳ ಅತ್ತೆಮನೆಯವರು ಇದೇ ಕಾರಣಕ್ಕೆ ಹೀಯಾಳಿಸಿ ಅವಳನ್ನು ತವರಿಗೆ ಕಳಿಸಲಿಲ್ಲ ಅಂತ ಕಥೆ. ಸ್ವಂತ ಕುಲದವರ ಮುನಿಸನ್ನೂ ಬಾಬಾ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಮಾದಾರ ಚೆನ್ನಯ್ಯನ ಅಂಬಲಿಯ ಕಥೆ ಕೇಳಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ ಅಲ್ವಾ?

ಬಾಬಾ ಸಮಾಧಿಗೆ ಜಾಗ ಅಗೆಸುತ್ತಿದ್ದಾಗ ಡಾಲಿಬಾಯಿ ಓಡಿ ಬಂದಳಂತೆ. ‘ಈ ಜಾಗ ನನ್ನದು’ ಅಂದಳು. ಗುರುತೇನು ಅಂತ ಕೇಳಿದರೆ, ‘ಅಗೆದರೆ ನೂಲು, ಬಾಚಣಿಗೆ ಸಿಗುತ್ತವೆ, ಹೆಣ್ಣಿನ ವಸ್ತು’ ಅಂದಳು. ಅಗೆದರು, ಸಿಕ್ಕವು. ಬಾಬಾ ಸುಮ್ನೆ ಪಕ್ಕಕ್ಕೆ ಸರಿದರು. ದಶಮಿಯಂದು ಅವಳು ಸಮಾಧಿಯಾದಳು, ಮರುದಿನ ಏಕಾದಶಿಗೆ ಬಾಬಾ. ವಿಕ್ರಮ ಸಂವತ್ 1442, ಅಂದರೆ ಕ್ರಿ.ಶ. 1385 ಅನ್ನುತ್ತಾರೆ. ಕಥೆ ಇಲ್ಲಿಗೆ ಬಂದಾಗಲೆಲ್ಲ ದಾದಿಸಾ ಸೆರಗಿನಿಂದ ಕಣ್ಣು ಒರೆಸಿಕೊಂಡು, ‘ಬೇಟಾ, ಠಾಕುರ್ ಜಾಗ ಬಿಟ್ಟರು ನೋಡು, ನಮ್ಮ ಹುಡುಗಿಗೆ ಬಿಟ್ಟರು’ ಅನ್ನುತ್ತಿದ್ದರು. ನಮ್ಮ ಹುಡುಗಿ! ಮಡಿ ವಿಷಯದಲ್ಲಿ ಆ ದಾದಿಸಾ ಸಾಮಾನ್ಯದವರಲ್ಲ. ಅಡುಗೆಮನೆಗೆ ನನ್ನನ್ನೂ ಬಿಡುತ್ತಿರಲಿಲ್ಲ. ಆದರೆ ಡಾಲಿಬಾಯಿ ಅವರಿಗೆ ಸ್ವಂತ ಮಗಳು.

ಅಲ್ಲಿ ‘ಡಾಲಿಬಾಯಿಯ ಬಳೆ’ ಅಂತ ಕಲ್ಲಿನ ಒಂದು ದೊಡ್ಡ ಬಳೆ ಇದೆ. ಅದರೊಳಗೆ ತೂರಿ ಹೊರಬಂದರೆ ಕಾಯಿಲೆ ಕಳೆಯುತ್ತದೆ ಅನ್ನುವ ನಂಬಿಕೆ. ಆ ದಿನದ ದರ್ಶನದ ನೂಕುನುಗ್ಗಲು ನನಗೆ ಅಷ್ಟಾಗಿ ನೆನಪಿಲ್ಲ, ಎಲ್ಲಿ ಉಳಿದೆವು, ಏನು ತಿಂದೆವು ಅದೂ ಇಲ್ಲ. ಆದರೆ ಆ ಕಲ್ಲು ಹೆಗಲಿಗೆ ತಾಗಿದ್ದು ಈಗಲೂ ಮೈಯಲ್ಲಿದೆ. ಹೊರಗೆ ಕಾದ ಮರಳು, ಗುಗ್ಗುಳ ಧೂಪದ ಹೊಗೆ, ಬೆವರು, ಒಳಗೆ ಕಲ್ಲು ಮಾತ್ರ ತಣ್ಣಗೆ. ಎಷ್ಟೋ ತಲೆಮಾರಿನ ಮೈ ಉಜ್ಜಿ ನುಣುಪಾಗಿದೆ. ಅದರಲ್ಲಿ ತೂರುವಾಗ ಯಾರೇ ಆಗಲಿ ಬಗ್ಗಲೇಬೇಕು, ಮಂಡಿ ಊರಲೇಬೇಕು. ನನ್ನ ಹಿಂದೆ ಯಾರಿದ್ದರು, ಯಾವ ಜಾತಿ, ಯಾವ ಊರು, ಗೊತ್ತಿಲ್ಲ. ನನ್ನ ಕಾಲು ಸಿಕ್ಕಿಕೊಂಡಾಗ ಒಂದು ಕೈ ಹಿಂದಿನಿಂದ ತಳ್ಳಿತು, ‘ಜೈ ಬಾಬಾ ರೀ’ ಅಂದಿತು. ನಾನು ಅಳುತ್ತಲೇ ಹೊರಗೆ ಬಂದೆ.

ಬೇಸರವೂ ಆಯಿತು, ಅದನ್ನೂ ಹೇಳಿಬಿಡುತ್ತೇನೆ. ದಾರಿಯುದ್ದಕ್ಕೂ ಗಾಡಿಗಳ ಮೇಲೆ ಡಿಜೆ. ತಂಬೂರಿ ಹಿಡಿದು ಕೂತ ಮುದುಕರ ಜಮ್ಮಾ ಆ ಗದ್ದಲದಲ್ಲಿ ಕೇಳಿಸುವುದೇ ಇಲ್ಲ. ಬಾಬಾನ ಭಜನೆ ಹಾಡುವ ಕಾಮಡ್ ಸಮುದಾಯದ ಹೆಂಗಸರ ತೇರಾತಾಲಿ ಕುಣಿತ ನೋಡಬೇಕು ನೀವು. ಬಲಗಾಲಿಗೆ 9 ತಾಳ, ಮೊಣಕೈಗಳಿಗೆ ಒಂದೊಂದು, ಕೈಯಲ್ಲಿ 2, ಕೂತಲ್ಲೇ ಒಟ್ಟು 13 ತಾಳಗಳನ್ನು ನುಡಿಸುತ್ತಾರೆ. ಸುತ್ತ ನಿಂತವರೆಲ್ಲ ಫೋನ್ ಎತ್ತಿ ಹಿಡಿದಿದ್ದರು, ಒಬ್ಬರಾದರೂ ದನಿಗೂಡಿಸಲಿಲ್ಲ. ಬಾಬಾನ ಸಮಾಧಿ ನೋಡಿದ್ದೇ ತಡ, ಎಷ್ಟೋ ಜನ ಡಾಲಿಬಾಯಿ ಕಡೆ ತಿರುಗದೆ ನೇರ ಪ್ರಸಾದದ ಅಂಗಡಿಗೆ ನಡೆದರು. ಬಾಬಾ ಯಾರಿಗೆ ಜಾಗ ಬಿಟ್ಟರೋ ಅವಳನ್ನೇ ಬಿಟ್ಟು ಬಂದರೆ ಅದೆಂಥ ದರ್ಶನ?

ಈ ಭಾದ್ರಪದಕ್ಕೆ ಯಾರಾದರೂ ಹೋಗುವವರಿದ್ದರೆ ಬಿದಿಗೆ ಕಳೆದ ಮೇಲೆ ಹೋಗಿ, ಸ್ವಲ್ಪ ಉಸಿರಾಡಲು ಜಾಗ ಸಿಗಬಹುದು. ದರ್ಶನದ ಹಿಂದಿನ ರಾತ್ರಿ ಎಲ್ಲಾದರೂ ಜಮ್ಮಾ ನಡೆಯುತ್ತಿದ್ದರೆ ಕೂತು ಕೇಳಿ, ಭಾಷೆ ಬರದಿದ್ದರೂ ಪರವಾಗಿಲ್ಲ. ದಶಮಿಗೆ ಅಲ್ಲೇ ಇದ್ದರೆ ಡಾಲಿಬಾಯಿಗೆ ಒಂದು ಚುನರಿ, ಅಂದರೆ ತಲೆಗೆ ಹೊದೆಯುವ ಬಣ್ಣದ ಬಟ್ಟೆ, ಕೊಡಿ, ನನ್ನ ಹೆಸರಲ್ಲಿ ಬೇಡ, ನಮ್ಮ ದಾದಿಸಾ ಹೆಸರಲ್ಲಿ. ಜೈ ಬಾಬಾ ರೀ.